‘ಎಲ್ಲರಿಗೂ ಗೊತ್ತಿರುವಂತೆ’ ಎಂದು ಬರೆದ ಆರು ಕಡೆ

ಶರಣು.

ನೀವು ಕಳಿಸಿದ ‘ಹಗಲು ದರೋಡೆಯ ಪುರಸಭೆ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಪಕ್ಕಕ್ಕೆ ಎಸೆಯುವಂಥದ್ದೂ ಅಲ್ಲ. ಒಂಬತ್ತನೇ ಪ್ಯಾರಾದಲ್ಲಿ ಒಂದು ಒಳ್ಳೆಯ ಲೇಖನ ಮುದುಡಿ ಕೂತಿದೆ. ಅದನ್ನು ಹೊರಗೆ ಎಳೆಯುವುದು ಹೇಗೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ. ಮಾತು ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. ‘ಶರಣರ ನಾಡು, ಸೂಫಿ ಸಂತರ ಬೀಡು, ತೊಗರಿಯ ಕಣಜ’ ಎಂದು ಶುರುವಾಗುವ ಲೇಖನಗಳು ನಮ್ಮ ಕಲಬುರಗಿ ಭಾಗದಿಂದ ರಾಶಿ ರಾಶಿ ಬರುತ್ತವೆ. ನಿಮ್ಮ ಓದುಗ ಆ ಕಣಜದೊಳಗೇ ಕೂತವನು, ಅವನಿಗೆ ವಿಳಾಸ ಹೇಳಬೇಕಿಲ್ಲ. ಅವನಿಗೆ ಬೇಕಾಗಿರುವುದು ಒಂಬತ್ತನೇ ಪ್ಯಾರಾ: ಹೆಣ್ಣುಮಕ್ಕಳ ಶಾಲೆಯ ಗೇಟಿನೆದುರು ನಾಲಿಯ (ಚರಂಡಿಯ) ಮೇಲಿನ ಫರ್ಸಿ, ಅಂದರೆ ಹಾಸುಗಲ್ಲು, ಒಡೆದು ಹನ್ನೊಂದು ತಿಂಗಳಾಗಿದೆ, ಮಕ್ಕಳು ಪಾಟಿಚೀಲ ಆಚೆ ದಡಕ್ಕೆ ಎಸೆದು ಆಮೇಲೆ ತಾವು ಜಿಗಿಯುತ್ತಾರೆ. ಅಲ್ಲಿಂದಲೇ ಶುರು ಮಾಡಿ. ಆ ಚೀಲ ಎಸೆಯುವುದನ್ನು ನೀವು ಕಣ್ಣಾರೆ ನೋಡಿದ್ದೀರಿ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಉಳಿದದ್ದು ಚಹದಂಗಡಿಯಲ್ಲಿ ಕೇಳಿದ್ದು ಅಂತಲೂ ಗೊತ್ತಾಗುತ್ತದೆ.

ಆದರೆ ಆ ಪ್ಯಾರಾವನ್ನು ನೀವು ನಾಲ್ಕು ಸಾಲಿಗೆ ಮುಗಿಸಿ ‘ಇದೇ ಭ್ರಷ್ಟಾಚಾರಕ್ಕೆ ಸಾಕ್ಷಿ’ ಎಂದು ಮುಂದಕ್ಕೆ ಓಡಿದ್ದೀರಿ. ಒಡೆದ ಫರ್ಸಿ ಭ್ರಷ್ಟಾಚಾರಕ್ಕೆ ಸಾಕ್ಷಿಯಲ್ಲ. ಅದು ಬೇರೆ ಯಾವುದಕ್ಕೋ ಸಾಕ್ಷಿ, ಅದೇನು ಅಂತ ಹುಡುಕುವುದೇ ನಿಮ್ಮ ಕೆಲಸ. ಎಷ್ಟು ಅಡಿ ಬಾಯಿ ತೆರೆದಿದೆ? ಎಷ್ಟು ಕಲ್ಲು ಬೇಕು? ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯದ್ದೇ. ಅಡಿಗೆ ಏನು ರೇಟು ಅಂತ ಯಾವುದಾದರೂ ಕಲ್ಲಿನ ಅಂಗಡಿಯಲ್ಲಿ ಕೇಳಿ ಬರೆಯಿರಿ. ಇಷ್ಟು ಚಿಕ್ಕ ರಿಪೇರಿಗೆ ಟೆಂಡರ್ ಬೇಕಿಲ್ಲ, ಮುಖ್ಯಾಧಿಕಾರಿ ಮಾಡಿಸಬಹುದು. ಹಾಗಿದ್ದರೂ ಹನ್ನೊಂದು ತಿಂಗಳು ಯಾಕೆ? ಶಾಲೆಯವರು ಅರ್ಜಿ ಕೊಟ್ಟಿದ್ದರೇ? ಕೊಟ್ಟಿದ್ದರೆ ಬಂದ ಕಾಗದ ಬರೆದುಕೊಳ್ಳುವ ಆವಕ ವಹಿಯಲ್ಲಿ ನಂಬರ್ ಬಿದ್ದಿರಬೇಕು. ಬಿದ್ದಿಲ್ಲವಾದರೆ ತಪ್ಪು ಬರೀ ಪುರಸಭೆಯದ್ದಲ್ಲ, ಅದನ್ನೂ ಬರೆಯಬೇಕಾಗುತ್ತದೆ.

ಇನ್ನು ದೊಡ್ಡ ತಪ್ಪಿಗೆ ಬರೋಣ. ‘2018ರ ಚುನಾವಣೆಯ ನಂತರ ಐದು ವರ್ಷ ಅಧ್ಯಕ್ಷರು ನಿದ್ದೆ ಹೊಡೆದರು’ ಎಂದು ಬರೆದಿದ್ದೀರಿ. ಯಾವ ಅಧ್ಯಕ್ಷರು? ನಿಮ್ಮ ಊರೂ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು. ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು, ಅಲ್ಲಿಗೇ ನಿಂತಿತು. ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ಆ ಚುನಾವಣೆ ನಡೆದದ್ದು 2020ರ ಕೊನೆಯ ತಿಂಗಳುಗಳಲ್ಲಿ. ಅಧ್ಯಕ್ಷರ ಅವಧಿ 30 ತಿಂಗಳು. ಅಂದರೆ ಮೊದಲ ಅವಧಿ 2023ರ ಬೇಸಿಗೆಗೆ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಮತ್ತೆ ಒಂದು ವರ್ಷಕ್ಕೂ ಮೇಲೆ ಕುರ್ಚಿ ಖಾಲಿ. ಆ ಎರಡೂ ಖಾಲಿ ಅವಧಿಯಲ್ಲಿ ಸಹಿ ಹಾಕಿದವರು ಆಡಳಿತಾಧಿಕಾರಿ, ಪುರಸಭೆಗಳಲ್ಲಿ ಹೆಚ್ಚಾಗಿ ತಹಶೀಲ್ದಾರರು ಇಲ್ಲವೇ ಸಹಾಯಕ ಆಯುಕ್ತರು. ನೀವು ಬೈದಿರುವ ಮೂರು ಕಾಮಗಾರಿಗಳಲ್ಲಿ ಎರಡು 2019ರವು ಎಂದು ನೀವೇ ಬರೆದಿದ್ದೀರಿ. ಆಗ ಆ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಇದನ್ನು ಅಚ್ಚು ಹಾಕಿದ್ದರೆ ಮರುದಿನವೇ ಫೋನ್ ಬರುತ್ತಿತ್ತು, ಮತ್ತು ಫೋನ್ ಮಾಡಿದವರ ಮಾತೇ ಸರಿಯಿರುತ್ತಿತ್ತು.

ನಿಜ ಹೇಳಬೇಕೆಂದರೆ ಈ ಖಾಲಿ ಕುರ್ಚಿಯೇ ನಿಮ್ಮ ಲೇಖನಕ್ಕೆ ಸಿಗಬಹುದಾಗಿದ್ದ ದೊಡ್ಡ ವಿಷಯ. ಗೆದ್ದ ಸದಸ್ಯನಿಗೆ ಸಭೆಯಿಲ್ಲ, ಠರಾವಿಲ್ಲ, ಓಣಿಯ ಜನ ಮನೆ ಬಾಗಿಲಿಗೆ ಬಂದರೆ ಹೇಳುವುದಕ್ಕೆ ಉತ್ತರವಿಲ್ಲ. 1964ರ ಪುರಸಭೆ ಕಾಯ್ದೆ ತಿಂಗಳಿಗೊಂದು ಸಾಮಾನ್ಯ ಸಭೆ ಆಗಲೇಬೇಕು ಅನ್ನುತ್ತದೆ. ಅಧ್ಯಕ್ಷರು ಬಂದ ಮೇಲಾದರೂ ಆದವೇ? ನಡಾವಳಿ ಪುಸ್ತಕದಲ್ಲಿ ತಾರೀಖುಗಳನ್ನು ಎಣಿಸಿ. ಹನ್ನೆರಡರ ಜಾಗದಲ್ಲಿ ಐದು ಸಿಕ್ಕರೆ ಅದೊಂದೇ ಸಂಖ್ಯೆ ನಿಮ್ಮ ಇಡೀ ಎರಡನೇ ಪುಟದ ಬೈಗುಳಕ್ಕಿಂತ ಜೋರಾಗಿ ಬೀಳುತ್ತದೆ.

ಹುದ್ದೆಯ ಹೆಸರುಗಳನ್ನೂ ಸರಿಮಾಡಿಕೊಳ್ಳಿ. ಪುರಸಭೆಗೆ ‘ಆಯುಕ್ತರು’ ಇರುವುದಿಲ್ಲ, ಮುಖ್ಯಾಧಿಕಾರಿ ಇರುತ್ತಾರೆ. ಶಹಾಬಾದ್, ಸುರಪುರ, ಬಸವಕಲ್ಯಾಣದಂಥ ನಗರಸಭೆಗಳಿಗೆ ಪೌರಾಯುಕ್ತರು. ಆಯುಕ್ತರು, ಮೇಯರ್ ಎಲ್ಲ ಮಹಾನಗರ ಪಾಲಿಕೆಗೆ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಪುರಸಭೆ ಮೆಟ್ಟಿಲು ಹತ್ತಿದವರು ಈ ಒಂದು ಪದ ನೋಡಿಯೇ ಬರೆದವನು ಒಳಗೆ ಹೋಗಿದ್ದಾನೋ ಇಲ್ಲವೋ ಅಂತ ಅಳೆಯುತ್ತಾರೆ.

ಸಿ.ಸಿ. (ಸಿಮೆಂಟ್ ಕಾಂಕ್ರೀಟ್) ರಸ್ತೆಯ ಭಾಗ. ‘ಆರೇ ತಿಂಗಳಿಗೆ ಬಿರುಕು, ಸಿಮೆಂಟ್ ನುಂಗಿದ್ದಾರೆ’ ಎಂದಿದ್ದೀರಿ. ನುಂಗಿರಬಹುದು. ಆದರೆ ಬಿರುಕು ಅದನ್ನು ಸಾಬೀತು ಮಾಡುವುದಿಲ್ಲ. ನಮ್ಮದು ಎರೆ ಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿ ಬಿಡುವ ನೆಲ. ಅದನ್ನು ಅಗೆದು ತೆಗೆದು, ಮುರುಮ್ (ಗರಸು ಮಣ್ಣು) ಹಾಕಿ, ನೀರು ಹೊಡೆದು ರೋಲರ್ ಓಡಿಸದೆ ಕಾಂಕ್ರೀಟ್ ಸುರಿದರೆ, ಸಿಮೆಂಟ್ ಎಷ್ಟೇ ಹಾಕಿರಲಿ, ರಸ್ತೆ ಉದ್ದಕ್ಕೆ ಸೀಳುತ್ತದೆ. ಅಡ್ಡಡ್ಡ ಬಿರುಕು ಬಿಟ್ಟಿದ್ದರೆ ನಾಲ್ಕೈದು ಮೀಟರಿಗೊಂದು ಜಾಯಿಂಟ್ ಕೊಯ್ದಿದ್ದಾರೋ ಇಲ್ಲವೋ ನೋಡಿ. ಮೇಲ್ಪದರ ಪುಡಿಯಾಗಿ ಜಲ್ಲಿ ಹಲ್ಲು ಕಿಸಿದಿದ್ದರೆ ಬೇಸಿಗೆಯಲ್ಲಿ ಸುರಿದು ಕ್ಯೂರಿಂಗಿಗೆ ನೀರು ಹಾಕದೆ ಬಿಟ್ಟಿರುವ ಸಂಭವ ಹೆಚ್ಚು. 40 ಡಿಗ್ರಿ ದಾಟಿದ ಬಿಸಿಲಲ್ಲಿ ಎರಡು ದಿನ ನೀರು ತಪ್ಪಿದರೂ ಮೇಲ್ಮೈ ಸತ್ತಂತೆಯೇ. ಮೂರಕ್ಕೂ ಕಾರಣ ಬೇರೆ, ಹೊಣೆಗಾರರೂ ಬೇರೆಯಾಗಬಹುದು. ಮುರುಮ್ ಅಂದಾಜು ಪಟ್ಟಿಯಲ್ಲೇ ಇರಲಿಲ್ಲವೆಂದರೆ ಅದು ಗುತ್ತಿಗೆದಾರನ ಕಳ್ಳತನವಲ್ಲ, ಅಂದಾಜು ಮಾಡಿದವರ ಅವಸರ.

ಕಳ್ಳತನ ಹಿಡಿಯಬೇಕಾದರೆ ಲೆಕ್ಕ ಮಾಡಿ. ನೀವು ಹೇಳುವ ರಸ್ತೆ 100 ಮೀಟರ್ ಉದ್ದ, 3.75 ಮೀಟರ್ ಅಗಲ ಅಂದುಕೊಳ್ಳೋಣ. ಎಂ.ಬಿ.ಯಲ್ಲಿ (ಅಳತೆ ಪುಸ್ತಕದಲ್ಲಿ) ದಪ್ಪ 15 ಸೆಂ.ಮೀ. ಎಂದು ಬರೆದಿದ್ದರೆ 56.25 ಘನ ಮೀಟರ್ ಕಾಂಕ್ರೀಟಿಗೆ ಬಿಲ್ ಆಗಿದೆ. ನೆಲದಲ್ಲಿ ಇರುವುದು 10 ಸೆಂ.ಮೀ. ಆದರೆ 37.5 ಮಾತ್ರ. 18.75 ಘನ ಮೀಟರ್, ಅಂದರೆ ಮೂರರಲ್ಲಿ ಒಂದು ಪಾಲು, ಕಾಗದದ ಮೇಲಷ್ಟೇ ಸುರಿದಿದ್ದಾರೆ. ಇದು ಬರೆಯುವಂಥ ವಿಷಯ. ಆದರೆ ರಸ್ತೆಯ ಅಂಚಿಗೆ ಟೇಪ್ ಹಿಡಿದು ಫೋಟೊ ತೆಗೆದುಕೊಂಡು ಬಂದರೆ ಸಾಲದು. ಅಂಚಿನಲ್ಲಿ ಪೂರಾ ದಪ್ಪ ಕೊಟ್ಟು ನಡುವೆ ನೆಲ ಎತ್ತರಿಸಿ ತೆಳ್ಳಗೆ ಮಾಡುವುದೂ ಇದೆ, ಅಂಚಷ್ಟೇ ಒಡೆದು ತೆಳುವಾಗಿ ಕಾಣುವುದೂ ಇದೆ. ನಳದ ಕನೆಕ್ಷನ್‌ಗೆ ಎಲ್ಲಾದರೂ ರಸ್ತೆ ಕಡಿದಿದ್ದರೆ ಅಲ್ಲಿ ಅಳೆಯಿರಿ, ಕನಿಷ್ಠ ಮೂರು ಜಾಗ. ಕೋರ್, ಅಂದರೆ ರಸ್ತೆ ಕೊರೆದು ದುಂಡನೆಯ ತುಂಡು, ತೆಗೆದ ಪರೀಕ್ಷಾ ವರದಿ ಮತ್ತು ಮೂರನೇ ವ್ಯಕ್ತಿ ತಪಾಸಣೆಯ ವರದಿ ಫೈಲಿನಲ್ಲಿ ಇದೆಯೇ ಎಂದು ಕೇಳಿ. ಹೊಸ ರಸ್ತೆಯಲ್ಲಿ ಕೋರ್ ತೆಗೆದ ದುಂಡನೆಯ ಗುರುತು ಎಲ್ಲೂ ಕಾಣದೆ, ಫೈಲಿನಲ್ಲಿ ಮಾತ್ರ ಕೋರ್ ವರದಿ ಇದ್ದರೆ, ಶೀರ್ಷಿಕೆ ಅಲ್ಲೇ ಸಿಕ್ಕಿತು.

ಅದಕ್ಕೂ ಮುಂಚೆ ಆ ರಸ್ತೆ ಯಾರದ್ದು ಅಂತ ನೋಡಿದಿರಾ? ಊರೊಳಗಿನ ರಸ್ತೆಯೆಲ್ಲ ಪುರಸಭೆ ಮಾಡುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಾದರೆ ಕೆಲಸ ಪಿಡಬ್ಲ್ಯುಡಿ, ನಿರ್ಮಿತಿ ಕೇಂದ್ರ, ಕೆಆರ್‌ಐಡಿಎಲ್ ಎಂಬ ಸರ್ಕಾರಿ ಸಂಸ್ಥೆಗಳಲ್ಲಿ ಯಾರ ಕೈಗಾದರೂ ಹೋಗಿರಬಹುದು, ಪುರಸಭೆಯ ಜೆ.ಇ.ಗೆ (ಕಿರಿಯ ಎಂಜಿನಿಯರಿಗೆ) ಅದರ ಎಂ.ಬಿ. ಮುಟ್ಟುವ ಹಕ್ಕೂ ಇರುವುದಿಲ್ಲ. ಕುಡಿಯುವ ನೀರಿನ ಪೈಪ್‌ಲೈನ್ ಹಾಕಿದ್ದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯಾದರೆ ಪುರಸಭೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ನೋಡಬೇಕು. ‘ಇನ್ನೂ ಹ್ಯಾಂಡ್‌ಓವರ್ ಆಗಿಲ್ರಿ’ ಅನ್ನುವ ಒಂದು ಮಾತಿನ ಹಿಂದೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಎಷ್ಟು ನಳ ಒಣಗಿವೆಯೋ! ಕಾಮಗಾರಿ ಬೋರ್ಡಿನಲ್ಲಿ ಅನುದಾನ, ಮೊತ್ತ, ಏಜೆನ್ಸಿ, ನಿರ್ವಹಣಾ ಅವಧಿ ಇರಬೇಕು. ಬೋರ್ಡೇ ಇಲ್ಲದಿದ್ದರೆ ಅದೂ ಒಂದು ಸಾಲು.

15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ರಸ್ತೆ ಯಾಕೆ ಮಾಡಲಿಲ್ಲ ಎಂಬ ನಿಮ್ಮ ಪ್ರಶ್ನೆ ಬಿಡಿ. 2021–26ರ ನಡುವೆ ಅದರಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ ದುಡ್ಡಾಗಿತ್ತು, ರಸ್ತೆಗೆ ಮುಟ್ಟುವಂತಿರಲಿಲ್ಲ.

ಏಳನೇ ಪ್ಯಾರಾದಲ್ಲಿ ಇನ್ನೊಂದು ಮಾತಿದೆ, ಅದನ್ನು ನಾವು ಯಾವ ರೂಪದಲ್ಲೂ ಹಾಕುವುದಿಲ್ಲ: ‘ಒಂದೇ ಕೇರಿಗೆ ದುಡ್ಡೆಲ್ಲ ಸುರಿಯುತ್ತಿದ್ದಾರೆ’. ಶೇ 24.10, ಶೇ 7.25, ಶೇ 5 ಅಂತ ಟೆಂಡರ್ ನೋಟಿಸಿನಲ್ಲಿ ಓದಿರುತ್ತೀರಿ. ಪುರಸಭೆಯ ದುಡ್ಡಿನಲ್ಲಿ ಮೊದಲನೆಯದು ಪರಿಶಿಷ್ಟ ಜಾತಿ, ಪಂಗಡದವರಿಗೆ, ಎರಡನೆಯದು ಇತರ ಬಡವರಿಗೆ, ಮೂರನೆಯದು ಅಂಗವಿಕಲರಿಗೆ ತೆಗೆದಿಡಲೇಬೇಕಾದ ಪಾಲು. ಅದು ಯಾರೂ ಕೊಟ್ಟ ಕೃಪೆಯಲ್ಲ. ನೀವು ಕೇಳಬೇಕಾದ ಪ್ರಶ್ನೆ ಪೂರ್ತಿ ತಿರುವುಮುರುವು: ಆ ಶೇ 24.10 ನಿಜಕ್ಕೂ ಆ ಕೇರಿಯೊಳಗೆ ಖರ್ಚಾಗಿದೆಯೇ, ಇಲ್ಲ ಕೇರಿಯ ಹೆಸರು ಬರೆದು ಮೇನ್ ರೋಡಿಗೆ ಡಾಂಬರು ಹಾಕಿದ್ದಾರೆಯೇ? ಕ್ರಿಯಾ ಯೋಜನೆಯನ್ನು ಕೈಯಲ್ಲಿ ಹಿಡಿದು ಒಂದು ಮುಂಜಾನೆ ಆ ಓಣಿಯಲ್ಲಿ ನಡೆಯಿರಿ.

‘ಹೆಚ್ಚು ಸೀಟು ಗೆದ್ದವರಿಗೆ ಅಧಿಕಾರ ಸಿಗದಿದ್ದುದು ಪ್ರಜಾಪ್ರಭುತ್ವದ ಕೊಲೆ’ ಎಂಬ ಸಾಲಿಗೂ ಲೆಕ್ಕ ಬೇಕು. ಕಲಬುರಗಿ ಪಾಲಿಕೆಯನ್ನೇ ನೋಡಿ. 2021ರ ಸೆಪ್ಟೆಂಬರಿನಲ್ಲಿ 55 ವಾರ್ಡುಗಳಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಮೇಯರ್ ಚುನಾವಣೆ ಆದದ್ದು 2023ರ ಮಾರ್ಚಿನಲ್ಲಿ, ಗೆದ್ದದ್ದು ಬಿಜೆಪಿ. ಕಾರಣ, ಮೇಯರ್ ಆಯ್ಕೆಯಲ್ಲಿ ವಾರ್ಡಿನಿಂದ ಬಂದವರಷ್ಟೇ ಅಲ್ಲ, ಸಂಸದರು, ಶಾಸಕರು, ಅಲ್ಲಿನ ಮತದಾರರ ಪಟ್ಟಿಯಲ್ಲಿರುವ ವಿಧಾನ ಪರಿಷತ್ ಸದಸ್ಯರು ಕೂಡ ಕೈ ಎತ್ತುತ್ತಾರೆ. ಪುರಸಭೆಯಲ್ಲೂ ಶಾಸಕರಿಗೆ, ಸಂಸದರಿಗೆ ಮತವಿದೆ. ನಾಮನಿರ್ದೇಶಿತರಿಗೆ ಇಲ್ಲ. ನಿಮ್ಮ ಊರಲ್ಲಿ ಯಾರ ಮತ ಎತ್ತ ಹೋಯಿತು ಅಂತ ಒಂದೊಂದಾಗಿ ಎಣಿಸಿ ಬರೆಯಿರಿ. ಪಕ್ಷದ ವಿಪ್ (ಆದೇಶ) ಮೀರಿದವರಿದ್ದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ದೂರು ಕೊಟ್ಟರೋ ಇಲ್ಲವೋ ಕೇಳಿ. ಬಹಳ ಸಲ ಬೈದವರು ದೂರು ಕೊಟ್ಟಿರುವುದಿಲ್ಲ. ಯಾಕೆ ಕೊಡಲಿಲ್ಲ ಅನ್ನುವುದು ಬೈಗುಳಕ್ಕಿಂತ ರುಚಿಯಾದ ಕತೆ.

ಈಗ ‘ಎಲ್ಲರಿಗೂ ಗೊತ್ತಿರುವಂತೆ’. ಆರು ಸಲ ಬಂದಿದೆ. ಆರೂ ಕಡೆ ಕೆಂಪು ಗೆರೆ ಎಳೆದು ಕಳಿಸಿದ್ದೇವೆ. ಆಧಾರ ಇರಬೇಕಾದ ಜಾಗದಲ್ಲೆಲ್ಲ ನೀವು ಇದನ್ನು ಕೂರಿಸಿದ್ದೀರಿ. ಕಮಿಷನ್ ಪರ್ಸೆಂಟೇಜ್ ಹಂಚಿಕೆಯ ವಿಷಯ ಎಲ್ಲರಿಗೂ ಗೊತ್ತಿದ್ದರೆ ಲೇಖನ ಯಾಕೆ ಬೇಕು? ಗೊತ್ತಿಲ್ಲವಾದರೆ ಒಬ್ಬರ ಹೆಸರು ಹಿಡಿದು ಹಾಗೆ ಬರೆಯುವುದು ಮಾನಹಾನಿ, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಸತ್ಯ ಅಂತ ಹೇಳಿದರಷ್ಟೇ ಸಾಲದು. ಸತ್ಯ ಅಂತ ತೋರಿಸಬೇಕು, ಸಾರ್ವಜನಿಕ ಹಿತಕ್ಕೆ ಬರೆದದ್ದು ಅಂತಲೂ ತೋರಿಸಬೇಕು. ಅಧ್ಯಕ್ಷೆಯನ್ನು ‘ರಬ್ಬರ್ ಸ್ಟಾಂಪ್’ ಎಂದದ್ದೂ ಹಾಗೆಯೇ. ಅವರ ಗಂಡ ಸಭೆಯಲ್ಲಿ ಕೂತು ಮಾತಾಡಿದ್ದು ನಿಜವಾದರೆ ತಾರೀಖು, ಹಾಜರಿ ಪುಸ್ತಕ, ನೋಡಿದ ಇಬ್ಬರು ಸದಸ್ಯರ ಮಾತು ಹಾಕಿ. ಬೈಗುಳ ತಾನೇ ಉದುರಿ ಹೋಗುತ್ತದೆ.

ಕಾಗದ ಸಿಗುವುದಿಲ್ಲ ಎಂದು ಕೊನೆಗೆ ಬರೆದಿದ್ದೀರಿ. ನೀವು ಹಾಕಿದ ಆರ್‌ಟಿಐ ಅರ್ಜಿಯ ನಕಲೂ ನೋಡಿದೆವು. ‘ಹತ್ತು ವರ್ಷಗಳ ಎಲ್ಲ ಕಾಮಗಾರಿಗಳ ವಿವರ ಮತ್ತು ಅವು ಯಾಕೆ ಕಳಪೆಯಾಗಿವೆ’ ಎಂದು ಕೇಳಿದರೆ ಯಾರೂ ಕೊಡುವುದಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ’ ಅನ್ನುವುದಕ್ಕೆ ಆರ್‌ಟಿಐನಲ್ಲಿ ಉತ್ತರವಿಲ್ಲ, ಇರುವ ಕಾಗದದ ನಕಲಿಗಷ್ಟೇ ಇದೆ. ಹೀಗೆ ಬರೆಯಿರಿ: ‘ವಾರ್ಡ್ ನಂ. ಇಷ್ಟರ ಇಂಥ ಮನೆಯಿಂದ ಇಂಥ ಮನೆಯವರೆಗಿನ ಸಿ.ಸಿ. ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಅಂತಿಮ ಬಿಲ್, ಗುಣಮಟ್ಟ ಪರೀಕ್ಷಾ ವರದಿಗಳ ದೃಢೀಕೃತ ನಕಲು.’ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ. 30 ದಿನ ಕಾಯಿರಿ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ, ಅದರ ಪೀಠ ಕಲಬುರಗಿಯಲ್ಲೇ ಇದೆ. ನಿಮ್ಮ ಹಳೇ ಅರ್ಜಿಗೆ ಮೇಲ್ಮನವಿ ಹಾಕಿಕೊಂಡು ಹೊತ್ತು ಕಳೆಯಬೇಡಿ, ಹೊಸದು ಹಾಕಿ.

ಭಾಷೆಯ ಬಗ್ಗೆ ಒಂದೇ ಮಾತು. ನೀವು ‘ಮೋರಿ’, ‘ಕೊಳಾಯಿ’ ಎಂದು ಬರೆದಿದ್ದೀರಿ. ನಿಮ್ಮ ಓಣಿಯಲ್ಲಿ ಯಾರು ಹಾಗಂತಾರೆ? ನಾಲಿ, ನಳ ಅಂತಲೇ ಇರಲಿ. ಶಾಲೆ ಮುಂದಿನ ಅಜ್ಜಿಯ ಮಾತನ್ನು ಗ್ರಾಂಥಿಕಕ್ಕೆ ತಿರುಗಿಸಿ ‘ಯಾರೊಬ್ಬರೂ ಗಮನಹರಿಸುತ್ತಿಲ್ಲ’ ಮಾಡಿದ್ದೀರಿ. ಆಕೆ ‘ಯಾರೂ ಹೊಳ್ಳಿ ನೋಡವಲ್ರು’ ಅಂದಿರಬೇಕು. ಅಂದದ್ದನ್ನೇ ಬರೆಯಿರಿ.

ಮುಂದಿನ ಕರಡು 900 ಪದ ದಾಟಬಾರದು. ಫರ್ಸಿ ಮತ್ತು ಒಂದೇ ಒಂದು ರಸ್ತೆ, ಎರಡೇ ವಿಷಯ. ಮುಖ್ಯಾಧಿಕಾರಿಗೂ ವಾರ್ಡ್ ಸದಸ್ಯರಿಗೂ ಪ್ರಶ್ನೆಗಳನ್ನು ಬರೆದು ಕೊಟ್ಟು ಒಂದು ವಾರ ಸಮಯ ಕೊಡಿ. ಉತ್ತರ ಬಂದರೆ ಕತ್ತರಿಸದೆ ಸೇರಿಸಿ, ಬರದಿದ್ದರೆ ಕೊಟ್ಟ ತಾರೀಖು ಹಾಕಿ. ಲೇಖನ ನಮ್ಮ ಕೈಗೆ ಬರುವಷ್ಟರಲ್ಲಿ ಯಾರಾದರೂ ಅವಸರದಲ್ಲಿ ಆ ಫರ್ಸಿ ಹಾಕಿಬಿಟ್ಟಿದ್ದರೆ ಹೊಸ ಕಲ್ಲಿನ ಫೋಟೊ ಕಳಿಸಿ, ಹಾಕಿದ ದಿನವನ್ನೂ ಬರೆಯಿರಿ.