ಆಪ್ತಸಲಹೆ ಪ್ರಕರಣ: ಉಳಿತಾಯ 180 ಕೆಜಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯಿದೆ.)

ಆಕೆಗೆ 29. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಬಂದವರು. ಕೂತ ಕೂಡಲೇ ಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಮನೆಖರ್ಚಿನ ಲೆಕ್ಕ ಇರಬೇಕು ಅಂದುಕೊಂಡೆ. ಎರಡೂವರೆ ವರ್ಷದ ಕಾರ್ಬನ್ ಲೆಕ್ಕ ಅದು: ತಾವು ಮಾಡುವ ಒಂದೊಂದರಿಂದಲೂ ಭೂಮಿ ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಎಷ್ಟು ಸೇರುತ್ತದೆಂದು. ಸ್ನಾನಕ್ಕೆ ಕಾಯಿಸಿದ ನೀರು, ಫೋನ್ ಚಾರ್ಜು, ಬಸ್ಸಿನಲ್ಲಿ ಹೋದ ಕಿಲೋಮೀಟರು, ಎಲ್ಲಕ್ಕೂ ಒಂದೊಂದು ಅಂಕಿ. ರಟ್ಟಿನ ಒಳಮೈಯಲ್ಲಿ ಮಗ್ಗಿಯ ಹಾಗೆ ಬರೆದುಕೊಂಡಿದ್ದರು: ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ಅಮ್ಮ ಗೀಸರ್ ಆನ್ ಮಾಡಿ ಮರೆತ ದಿನಗಳಿಗೆ ಕೆಂಪು ಶಾಯಿ.

"ಎಷ್ಟು ಮಾಡಿದ್ರೂ ಸಾಲದು ಮೇಡಂ. ಮಾಡದೇ ಇದ್ರೆ ಮಲಗೋಕೇ ಆಗಲ್ಲ."

ಇಂಥ ಕಡೆ ಮೊದಲು ನೋಡಬೇಕಾದ್ದು ಗೀಳು ಕಾಯಿಲೆ, ಖಿನ್ನತೆ ಇವೆಯೇ ಎಂದು. ಮನೋವೈದ್ಯರ ಬಳಿ ಕಳಿಸಿದೆ; ಔಷಧ ಬೇಕಾಗುವ ಮಟ್ಟದ್ದೇನೂ ಇಲ್ಲ ಎಂದರು. ಇನ್ನು ಹವಾಮಾನ ಕೆಡುತ್ತಿದೆಯೆಂಬ ಆಕೆಯ ಭಯ ಬುಡವಿಲ್ಲದ್ದೇನಲ್ಲ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 280 ಭಾಗವಿದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ಅದನ್ನು ಕಂಡು ಕಳವಳಪಡುವವರನ್ನು ರೋಗಿ ಎನ್ನಲು ನನಗೆ ಮನಸ್ಸಿಲ್ಲ. 2021ರಲ್ಲಿ 10 ದೇಶಗಳ 10,000 ಯುವಜನರನ್ನು ಕೇಳಿದಾಗ, ಹವಾಮಾನ ಬದಲಾವಣೆಯ ಆತಂಕ ದಿನನಿತ್ಯದ ಬದುಕನ್ನೇ ಕೆಡಿಸುತ್ತಿದೆ ಎಂದವರು ಶೇ 45ಕ್ಕೂ ಹೆಚ್ಚು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಸಮಾಧಾನಕ್ಕೆಂದು "ಹನಿ ಹನಿ ಕೂಡಿದರೆ ಹಳ್ಳ ಅಲ್ವಾ" ಎಂದುಬಿಟ್ಟೆ. ಆಕೆ ತಣ್ಣಗೆ ಪುಟ ತಿರುವಿದರು. "ಹಳ್ಳ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದೀನಿ ಮೇಡಂ. ಇಡೀ ಜಗತ್ತಿನಲ್ಲಿ ಕಲ್ಲಿದ್ದಲು, ತೈಲ, ಅನಿಲದಿಂದ ವರ್ಷಕ್ಕೆ ಹತ್ತಿರಹತ್ತಿರ 3,700 ಕೋಟಿ ಟನ್. ಸೆಕೆಂಡಿಗೆ ಸಾವಿರ ಟನ್‌ಗಿಂತ ಜಾಸ್ತಿ. ನಾನು ವರ್ಷವಿಡೀ ಉಳಿಸಿದ್ದು ಅರ್ಧ ಟನ್. ರೆಪ್ಪೆ ಬಡಿಯೋದ್ರೊಳಗೆ ಮುಗಿದುಹೋಗತ್ತೆ." ಲೆಕ್ಕ ಸರಿಯಾಗಿಯೇ ಇತ್ತು. ಗಾದೆ ಹೇಳಿ ಜಾರಿಕೊಳ್ಳುವ ಚಾಳಿ ನಮ್ಮ ವೃತ್ತಿಯಲ್ಲಿ ತುಸು ಜಾಸ್ತಿಯೇ.

ಮೂರನೇ ಸಲ ನೋಟ್‌ಬುಕ್ಕನ್ನು ನಾನೇ ಕೇಳಿ ತೆಗೆದುಕೊಂಡೆ. ಮೊದಲರ್ಧದಲ್ಲಿ ತಿಂಗಳಿಗೊಂದು ಪುಟ, ಕಿಲೋಗಳಲ್ಲಿ. ಒಂದು ದಿನದಿಂದಾಚೆಗೆ ದಿನಕ್ಕೊಂದು ಪುಟ, ಗ್ರಾಂಗಳಲ್ಲಿ. ಆ ದಿನದ ಪುಟದಲ್ಲಿ "ಉಳಿತಾಯ: 180 ಕೆಜಿ" ಎಂದಿತ್ತು. ಅದರ ಕೆಳಗೆ ಏನೋ ಬರೆದು, ಕಾಗದ ಹರಿಯುವಷ್ಟು ಗೀಚಿ ಹಾಕಿದ್ದರು. ಬೆಳಕಿಗೆ ಹಿಡಿದರೆ "ಅಪ್ಪ" ಎಂದು ಓದಬಹುದಿತ್ತು.

ದೂರದಲ್ಲಿ ಅಣ್ಣನ ಮನೆಯಲ್ಲಿದ್ದಾಗ ಅಪ್ಪನಿಗೆ ಹೃದಯಾಘಾತವಾಗಿತ್ತು. ವಿಮಾನದಲ್ಲಿ ಎರಡು ಗಂಟೆಯ ದಾರಿ, ರೈಲಿನಲ್ಲಿ ಒಂದೂವರೆ ದಿನ. ಆಕೆ ರೈಲು ಹತ್ತಿದರು. ತಲುಪುವ ಹೊತ್ತಿಗೆ ಆಪರೇಷನ್ ಮುಗಿದಿತ್ತು. ಅಪ್ಪ ಉಳಿದುಕೊಂಡರು. "ನೀನು ಬರ್ತೀಯ ಅಂತ ಬಾಗಿಲ ಕಡೆ ನೋಡ್ತಾನೇ ಒಳಗೆ ಹೋದ್ರು" ಎಂದ ಅಣ್ಣ ಆಮೇಲೆ ಮಾತು ಬಿಟ್ಟ. ಆ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಕೂತು, ವಿಮಾನ ಹತ್ತದೆ ಉಳಿಸಿದ್ದೆಂದು ಬರೆದದ್ದು ಆ 180. ಹೇಳಿ ಮುಗಿಸಿ ಬಹಳ ಹೊತ್ತು ಅತ್ತರು. ಅಪ್ಪನ ಮುಂದೆ ಅಳಬೇಕಾದ್ದನ್ನು ಭೂಮಿಯ ಖಾತೆಗೆ ಜಮೆ ಮಾಡುತ್ತಾ ಬಂದಿದ್ದರು.

ಹಾಗಂತ, ಒಬ್ಬರು ಉಳಿಸಿದರೆ ಏನಾದೀತು ಎಂಬ ಆಕೆಯ ಪ್ರಶ್ನೆಯನ್ನು ನಾನು ಪಕ್ಕಕ್ಕಿಡುವಂತಿರಲಿಲ್ಲ. 2020ರಲ್ಲಿ ಜಗತ್ತಿಗೆ ಜಗತ್ತೇ ಬಾಗಿಲು ಹಾಕಿಕೊಂಡಾಗಲೂ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ಇಳಿದದ್ದು ಶೇ 5ರ ಆಸುಪಾಸು. ಆಕೆಗೆ ಇದು ಸೋಲಿನ ಪುರಾವೆ. ನಾನು ಬೇರೆ ಥರ ಓದಿದೆ: ಉಳಿದದ್ದರಲ್ಲಿ ಬಹುಪಾಲು ವಿದ್ಯುತ್ ಸ್ಥಾವರ, ಉಕ್ಕು, ಸಿಮೆಂಟು, ಸರಕು ಸಾಗಣೆಯದು; ನಿಮ್ಮ ಮನೆಯ ಸ್ವಿಚ್ಚಿಗೆ ನಿಲುಕದ ಪಾಲಿಗೂ ನೀವೇ ನಿದ್ದೆಗೆಟ್ಟು ದಂಡ ಕಟ್ಟುವುದೇಕೆ? 'ಕಾರ್ಬನ್ ಹೆಜ್ಜೆಗುರುತು' (ಒಬ್ಬೊಬ್ಬರ ಬದುಕಿನಿಂದ ಗಾಳಿಗೆ ಸೇರುವ ಕಾರ್ಬನ್ನಿನ ಲೆಕ್ಕ) ಎಂಬ ಮಾತು 2000ರ ದಶಕದಲ್ಲಿ ಮನೆಮಾತಾದದ್ದರಲ್ಲಿ ಒಂದು ದೊಡ್ಡ ತೈಲ ಕಂಪನಿಯ ಜಾಹೀರಾತಿನ ಕೈಯಿದೆ ಎಂದಾಗ ಆಕೆ ಮೊದಲ ಸಲ ನಕ್ಕರು.

ಮನೆಯ ಪಾಲು ಸೊನ್ನೆಯೂ ಅಲ್ಲ. ಜನ ಓಡಾಡುವ, ಉಣ್ಣುವ, ಮನೆ ನಡೆಸುವ ರೀತಿ ಬದಲಾದರೆ 2050ರ ಹೊತ್ತಿಗೆ ಆ ವಲಯಗಳಲ್ಲಿ ಆಗಬಹುದಾದ ಹೊರಸೂಸುವಿಕೆಯನ್ನು ಶೇ 40ರಿಂದ 70ರಷ್ಟು ತಗ್ಗಿಸಬಹುದು ಎನ್ನುತ್ತದೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2022ರ ವರದಿ. ಆದರೆ ನೀತಿ, ಸೌಕರ್ಯ, ತಂತ್ರಜ್ಞಾನ ಜೊತೆಗೆ ಬಂದರೆ ಮಾತ್ರ. ಬಸ್ಸೇ ಇಲ್ಲದ ಕಡೆ ಕಾರು ಬಿಡಿ ಎಂದರೆ ಯಾರು ಕೇಳುತ್ತಾರೆ? ಆ ಬಸ್ಸು ಬೇಕೆಂದು ಹೋಗಿ ಕೇಳುವುದೂ ವ್ಯಕ್ತಿಯೊಬ್ಬರ ಕೆಲಸವೇ. ಆಕೆಯ ನೋಟ್‌ಬುಕ್ಕಿನಲ್ಲಿ ಇನ್ನೊಬ್ಬರು ಕಾಣಿಸಿಕೊಂಡದ್ದು ಕೆಂಪು ಶಾಯಿಯಲ್ಲಿ ಮಾತ್ರ. ಇದನ್ನು ತೋರಿಸಿದೆ.

ಕೊಟ್ಟ ಸಲಹೆ ಇಷ್ಟು. ದಿನದ ಲೆಕ್ಕ ಬಂದ್. ಓಡಾಟ, ಆಹಾರ, ಮನೆಯ ವಿದ್ಯುತ್ತು, ಈ ಮೂರರ ದೊಡ್ಡ ನಿರ್ಧಾರಗಳನ್ನು ವರ್ಷಕ್ಕೊಮ್ಮೆ ಕೂತು ಮಾಡಿ, ಆಮೇಲೆ ಗ್ರಾಂ ಎಣಿಸಬೇಡಿ. ಫೋನ್ ಚಾರ್ಜಿನ ಚಿಂತೆ ಬಿಟ್ಟೇಬಿಡಿ, ಅದು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಕಾಯಿಲೆ, ಸಾವು ಎಂದಾಗ ಬೇಗ ತಲುಪುವ ದಾರಿಯಲ್ಲೇ ಹೋಗುತ್ತೇನೆಂದು ಈಗಲೇ ಬರೆದಿಡಿ. ಆ ಹೊತ್ತಿನಲ್ಲಿ ತರ್ಕ ಬೇಡ. ಹವಾಮಾನದ ಸುದ್ದಿ ಹಗಲಲ್ಲಿ, ಒಂದೇ ಸಲ. ಅಮ್ಮನಿಗೆ ಪಾಠ ಹೇಳುವ ಬದಲು ಗೀಸರಿಗೊಂದು ಟೈಮರ್ ಹಾಕಿಸಿ. ವಾರಕ್ಕೆ ಎರಡು ಗಂಟೆ, ಇನ್ನೂ ನಾಲ್ಕು ಜನರಿರುವ ಒಂದು ಕೆಲಸಕ್ಕೆ.

ಕೊನೆಯದಕ್ಕೇ ತಕರಾರು ಹೆಚ್ಚು. "ನಂಗೆ ಜನ ಅಂದ್ರೆ ಆಗಲ್ಲ." ಕಡೆಗೆ ತಮ್ಮ ಆಫೀಸಿನಿಂದಲೇ ಶುರುಮಾಡಿದರು. ಅಲ್ಲಿ ಎಸಿ 18 ಡಿಗ್ರಿಗೆ ಇಟ್ಟಿದ್ದು, ಜನ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರಂತೆ. ಮೂವರು ಸೇರಿ ಪತ್ರ ಬರೆದರು. ಎರಡು ತಿಂಗಳು ಉತ್ತರವಿಲ್ಲ. ಆಮೇಲೊಂದು ದಿನ ಇಡೀ ಮಹಡಿಯದು 24ಕ್ಕೆ ಏರಿತ್ತು. ಎಷ್ಟು ಉಳಿಯಿತೆಂದು ಲೆಕ್ಕ ಹಾಕಿದಿರಾ ಎಂದು ಕೇಳಿದೆ. "ಒಂದೇ ಒಂದು ಸಲ" ಎಂದು ತಪ್ಪೊಪ್ಪಿಕೊಂಡರು.

ನಿದ್ದೆ ಈಗ ಐದಾರು ಗಂಟೆ. ಬಿಸಿಗಾಳಿಯ ಸುದ್ದಿಗಳು ಬಂದ ವಾರ ಮತ್ತೆ ಕೆಟ್ಟಿತ್ತು. ನೋಟ್‌ಬುಕ್ ತೆರೆದು ಎರಡು ದಿನ ಬರೆದು, ತಾವೇ ನಿಲ್ಲಿಸಿದರು. ಅಪ್ಪನ ತಪಾಸಣೆಗೆ ಈ ಸಲ ಮುಂಚೆಯೇ ಟಿಕೆಟ್ ಮಾಡಿಸಿ, ರೈಲಿನಲ್ಲೇ ಹೋಗಿ ವಾರವಿಡೀ ಇದ್ದು ಬಂದರು. ಸ್ಟೇಷನ್ನಿಗೆ ಅಣ್ಣ ಬಂದಿದ್ದನಂತೆ. ಬ್ಯಾಗು ತೆಗೆದುಕೊಂಡ, ಮನೆ ಮುಟ್ಟುವವರೆಗೆ ಮಾತಿಲ್ಲ. ಮುಂದಿನ ಭೇಟಿಗೆ ಅದನ್ನು ಇಟ್ಟುಕೊಂಡಿದ್ದೇವೆ.