ತಮ್ಮಾ, ಮೊದಲು ಆ ಮೂರು ವರ್ಷ ಲೆಕ್ಕ ಹಾಕು

ತಮ್ಮಾ, ನೀನು ಕೇಳಿದ್ದು ಇಷ್ಟು. ಕಲಬುರಗಿಯಲ್ಲಿ ಪಿಯುಸಿ ಕಾಮರ್ಸ್ ಮುಗಿಸಿ, ಅವ್ವನ ನರ್ಸ್ ಕೆಲಸದ ವೀಸಾ ಮೇಲೆ ಅವರ ಜೊತೆ ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯ್ತು. ಈಗ ವಯಸ್ಸು 18. ಯೂನಿವರ್ಸಿಟಿ ಸೇರಲಾ, ಇಲ್ಲಾ ಅಪ್ರೆಂಟಿಸ್ ಆಗಿ ಅಕೌಂಟ್ಸ್ ಕೆಲಸ ಹಿಡಿಯಲಾ? ಊರಲ್ಲಿರೋ ಮಾವ "ಡಿಗ್ರಿ ಇಲ್ಲದವನ ಕೈಗೆ ಯಾರು ಲೆಕ್ಕ ಕೊಡ್ತಾರೆ" ಅಂತಾರಂತೆ.

ಮಾವನಿಗೆ ಒಂದು ಮಾತು ನೆನಪು ಮಾಡು. ನಮ್ಮಲ್ಲೂ ಪಿಯುಸಿ ಆದಮೇಲೆ ಸಿಎ ಫೌಂಡೇಶನ್ ಪರೀಕ್ಷೆ ಬರೆದು, ಆಡಿಟರ್ ಹತ್ತಿರ ತರಬೇತಿ ಅಂದ್ರೆ ಆರ್ಟಿಕಲ್‌ಶಿಪ್ ಮಾಡಿ, ಡಿಗ್ರಿ ಇಲ್ಲದೆಯೇ ಸಿಎ ಆಗಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಆಡಿಟರ್ ಆಫೀಸುಗಳಲ್ಲಿ ವೋಚರ್ ಕಟ್ಟು ಬಿಚ್ಚಿಕೊಂಡು ಕೂತ ಹುಡುಗರನ್ನ ಅವರು ನೋಡಿಲ್ವಾ? ಇಲ್ಲಿಯ ಅಪ್ರೆಂಟಿಸ್‌ಶಿಪ್ಪೂ ಸುಮಾರು ಅದೇ. ಸಂಬಳ ಮಾತ್ರ ಕಾನೂನು ಪ್ರಕಾರ, ಕಲಿಕೆಯೂ ಕೆಲಸದ ಹೊತ್ತಿನಲ್ಲೇ.

ಆದರೆ ನೀನು ಕೇಳದೇ ಬಿಟ್ಟ ಪ್ರಶ್ನೆ ಬೇರೆ ಇದೆ, ನಿನ್ನ ವಿಷಯದಲ್ಲಿ ಅದೇ ದೊಡ್ಡದು. ಇಂಗ್ಲೆಂಡಿನಲ್ಲಿ ಅಪ್ರೆಂಟಿಸ್‌ನ ಟ್ರೇನಿಂಗಿಗೆ ಸರ್ಕಾರದ ಹಣ ಸಿಗಬೇಕಾದರೆ, ನಮ್ಮಂಥವರು ಶುರು ಮಾಡೋ ದಿನಕ್ಕೆ ಮುಂಚೆ ಮೂರು ವರ್ಷ ಇಲ್ಲೇ ವಾಸ ಇರಬೇಕು, ಅದೂ ಬರೀ ಓದಿಗೆ ಅಂತ ಕೊಟ್ಟ ವೀಸಾ ಆಗಿರಬಾರದು. ನಿನಗಿನ್ನೂ ಎಂಟೇ ತಿಂಗಳು. ಹಾಗಂತ ಯೂನಿವರ್ಸಿಟಿ ಸುಲಭ ಅಂದುಕೊಳ್ಳಬೇಡ. ಇಲ್ಲಿಯವರಿಗೆ 2025-26ರಲ್ಲಿ ವರ್ಷಕ್ಕೆ 9,535 ಪೌಂಡ್ ಫೀ ಇತ್ತು, ಅದನ್ನೂ ಸಾಲ ಮಾಡಿ ಕಟ್ಟುತ್ತಾರೆ. ಆ ಸಾಲ ಅಪ್ಪ-ಅವ್ವನ ವೀಸಾ ಮೇಲೆ ಬಂದ ನಿನ್ನಂಥ ಡಿಪೆಂಡೆಂಟ್ ವೀಸಾದವರಿಗೆ ಸಾಮಾನ್ಯವಾಗಿ ಸಿಗಲ್ಲ, ಫೀ ಕೂಡ ಹೊರದೇಶದವರ ಲೆಕ್ಕದಲ್ಲಿ ಹಾಕ್ತಾರೆ. ಅಂದರೆ ಮೂರು ವರ್ಷ ತುಂಬಿದ ಮೇಲೆ ಅಪ್ರೆಂಟಿಸ್ ಬಾಗಿಲು ನಿನಗೆ ತೆರೆಯುತ್ತೆ, ಯೂನಿವರ್ಸಿಟಿ ಸಾಲದ ಬಾಗಿಲು ಆಗಲೂ ಮುಚ್ಚಿಯೇ ಇರಬಹುದು.

ನಾನು 2011ರಲ್ಲಿ ಮದುವೆಯಾಗಿ ಲೆಸ್ಟರ್‌ಗೆ ಬಂದಾಗ ಕೈಯಲ್ಲಿ ಬಿಕಾಂ ಇತ್ತು, ಈ ನಿಯಮ ತಿಳಿದಿರಲಿಲ್ಲ. "ಅಕೌಂಟ್ಸ್ ಟ್ರೇನಿಂಗ್, ಕೆಲಸ ಗ್ಯಾರಂಟಿ" ಅಂತ ಒಬ್ಬರು ಹೇಳಿದರು. ದುಡ್ಡು ಕಟ್ಟಿದೆ. ಮೂರು ತಿಂಗಳು ಜೆರಾಕ್ಸ್ ಹೊಡೆದೆ, ಕೊನೆಗೆ ಒಂದು ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಆ ಹಣದಲ್ಲಿ ಊರಿಗೆ ಎರಡು ಸಲ ಹೋಗಿ ಬರಬಹುದಿತ್ತು. ಇದನ್ನ ಗಟ್ಟಿಯಾಗಿ ನೆನಪಿಟ್ಟುಕೋ: ನಿಜವಾದ ಅಪ್ರೆಂಟಿಸ್‌ಶಿಪ್‌ನಲ್ಲಿ ಟ್ರೇನಿಂಗಿಗೆ ನಿನ್ನ ಹತ್ತಿರ ಒಂದು ಪೆನ್ನಿಯನ್ನೂ ಕೇಳುವಂತಿಲ್ಲ. ಕೇಳಿದರೆ ಎದ್ದು ಬಾ.

2014ರಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಎಎಟಿ (ಲೆಕ್ಕಪತ್ರದ ಪರೀಕ್ಷೆ ನಡೆಸೋ ಇಲ್ಲಿಯ ಸಂಸ್ಥೆ) ಲೆವೆಲ್ 3 ಅಪ್ರೆಂಟಿಸ್ ಆದೆ. ಡಿಗ್ರಿ ಇದ್ದವಳು 18ರ ಮಕ್ಕಳ ಪಕ್ಕ ಕೂತು ಕಲಿಯೋದು ಮೊದಲು ನಾಚಿಕೆ ಅನಿಸಿತ್ತು. ಎರಡನೇ ವಾರ ಒಂದು ಅಂಗಡಿಯ ಬ್ಯಾಂಕ್ ತಾಳೆ ನೋಡೋಕೆ ಕೊಟ್ಟರು. 270 ಪೌಂಡ್ ವ್ಯತ್ಯಾಸ, ತಾಳೆ ಆಗ್ತಾನೇ ಇಲ್ಲ. ಪಕ್ಕದ ಹುಡುಗಿ ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಿದ್ದಳು. ನನಗೆ ಊರಿನ ಗಂಜ್ ಮಾರುಕಟ್ಟೆಯಲ್ಲಿ ನಮ್ಮಪ್ಪನ ಪರಿಚಯದ ಅಡತಿ ಅಂಗಡಿಯ ಮುನೀಮರು ನೆನಪಾದರು. ತೊಗರಿ ಧೂಳು ಕೂತ ಖಾತೆ ಪುಸ್ತಕದ ಮೇಲೆ ಬೆರಳಿಟ್ಟು, "ವ್ಯತ್ಯಾಸ ಒಂಬತ್ತರಿಂದ ಭಾಗ ಆಗ್ತದಾ ನೋಡವ್ವ, ಆದ್ರೆ ಅಂಕಿ ತಿರುಗಿ ಬಿದ್ದದ" ಅಂತಿದ್ದರು. 270 ಅಂದ್ರೆ ಒಂಬತ್ತು ಮೂವತ್ತಲೇ. ಹುಡುಕಿದೆ. 1,850 ಅನ್ನೋದನ್ನ ಯಾರೋ 1,580 ಅಂತ ಹಾಕಿದ್ದರು. ಮ್ಯಾನೇಜರ್ ಎಲ್ಲಿ ಕಲಿತೆ ಅಂತ ಕೇಳಿದರು. ಗಂಜ್ ಅಂದರೆ ಅವರಿಗೇನು ಗೊತ್ತು, "ಅಟ್ ಹೋಮ್" ಅಂದೆ.

ಈಗ ನಿನ್ನ ದಾರಿ. ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡಬಹುದು, ಅದಕ್ಕೆ ಸುಮ್ನೆ ಕೂರಬೇಡ. ಯಾವುದಾದರೂ ಆಫೀಸಿನಲ್ಲಿ ಬಿಲ್ ಹಾಕೋದು, ಸಾಲ ವಸೂಲಿಗೆ ಫೋನ್ ಮಾಡೋದು, ಏನು ಸಿಕ್ಕರೂ ಹಿಡಿ. ಸ್ವಂತ ಖರ್ಚಲ್ಲಿ ಎಎಟಿ ಲೆವೆಲ್ 2 ಮುಗಿಸು. ಅಲ್ಲಿಗೆ ನಿಲ್ಲಿಸು! ಹುಮ್ಮಸ್ಸಿನಲ್ಲಿ ಲೆವೆಲ್ 3, 4 ಎಲ್ಲಾ ನೀನೇ ಓದಿ ಮುಗಿಸಿಬಿಟ್ಟರೆ, ಆಮೇಲೆ ಅದನ್ನೇ ಅಪ್ರೆಂಟಿಸ್ ಆಗಿ ಮತ್ತೆ ಕಲಿಸೋಕೆ ಸರ್ಕಾರ ಹಣ ಕೊಡಲ್ಲ, ಹೊಸದಾಗಿ ಕಲಿಯೋದು ಇರಬೇಕು. ಟ್ಯಾಲಿ ಬರುತ್ತೆ ಅಂದೆಯಲ್ಲ, ಒಳ್ಳೇದು, ಆದರೆ ಇಲ್ಲಿ ಜೀರೋ (Xero) ಮತ್ತು ಸೇಜ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಕೇಳ್ತಾರೆ.

ಎಎಟಿ ಲೆವೆಲ್ 4 ಆದಮೇಲೆ ಎಸಿಸಿಎ ಅನ್ನೋ, ನಮ್ಮ ಸಿಎ ಥರದ ಅಕೌಂಟೆಂಟ್ ಪರೀಕ್ಷೆಯ 13 ಪೇಪರ್‌ಗಳಲ್ಲಿ ಮೊದಲ ಮೂರಕ್ಕೆ ವಿನಾಯಿತಿ. ಜೊತೆಗೆ 36 ತಿಂಗಳ ಕೆಲಸದ ಅನುಭವ ತೋರಿಸಬೇಕು, ಅಪ್ರೆಂಟಿಸ್ ದಿನಗಳಲ್ಲೇ ಅದು ಶುರುವಾಗಿರುತ್ತೆ. ಲೆವೆಲ್ 7, ಅಂದ್ರೆ ಮಾಸ್ಟರ್ಸ್ ಮಟ್ಟದ ಅಪ್ರೆಂಟಿಸ್‌ಶಿಪ್‌ಗೆ ಮಾತ್ರ ಹುಷಾರು. 2026ರ ಜನವರಿಯಿಂದ ಅದಕ್ಕೆ ಸರ್ಕಾರದ ಹಣ ಕೆಲವರನ್ನ ಬಿಟ್ಟರೆ ಶುರು ಮಾಡುವಾಗ 22 ತುಂಬದವರಿಗಷ್ಟೇ. ನಿನಗೆ ಮೂರು ವರ್ಷ ತುಂಬುವಾಗ 20 ಇಲ್ಲಾ 21 ಆಗಿರುತ್ತೆ, ನಡುವೆ ಲೆವೆಲ್ 3, 4 ಕೂತರೆ ಅದು ಕೈ ತಪ್ಪೋ ಸಾಧ್ಯತೆಯೇ ಜಾಸ್ತಿ. ತಪ್ಪಿದರೆ ತಪ್ಪಲಿ. ಎಷ್ಟೋ ಕಂಪನಿಗಳು ಎಸಿಸಿಎ ಫೀ ತಾವೇ ಕಟ್ಟುತ್ತವೆ. ಕೆಲಸ ಬಿಟ್ಟರೆ ವಾಪಸ್ ಕೊಡಬೇಕು ಅನ್ನೋ ಸಾಲು ಕರಾರಿನಲ್ಲಿ ಇರುತ್ತೆ, ಓದಿ ಸಹಿ ಹಾಕು.

ಸಂಬಳದ ಬಗ್ಗೆ ಅವ್ವನಿಗೆ ಈಗಲೇ ಹೇಳಿಡು. 2025ರ ಏಪ್ರಿಲ್‌ನಲ್ಲಿ ಅಪ್ರೆಂಟಿಸ್‌ನ ಕನಿಷ್ಠ ದರ ಗಂಟೆಗೆ 7.55 ಪೌಂಡ್ ಇತ್ತು, ಅದೇ ಹೊತ್ತಿಗೆ 21 ತುಂಬಿದವರಿಗೆ ಬೇರೆ ಕೆಲಸದಲ್ಲಿ 12.21. ಗೋದಾಮಿನಲ್ಲಿ ಡಬ್ಬ ಎತ್ತೋ ಗೆಳೆಯ ನಿನಗಿಂತ ಜಾಸ್ತಿ ತರುತ್ತಾನೆ. ಮೊದಲ ವರ್ಷ ಅದು ಚುಚ್ಚುತ್ತೆ. ಎರಡನೇ ವರ್ಷದಿಂದ, 19 ತುಂಬಿದ್ದರೆ, ನಿನ್ನ ವಯಸ್ಸಿನ ಮಾಮೂಲಿ ಕನಿಷ್ಠ ದರ ಕೊಡಲೇಬೇಕು.

ಸದ್ಯಕ್ಕೆ ಪಾಸ್‌ಪೋರ್ಟ್ ತೆಗೆದು ಇಲ್ಲಿ ಇಳಿದ ದಿನದ ಮುದ್ರೆ ಇದೆಯಾ ನೋಡು. ಬೋರ್ಡಿಂಗ್ ಪಾಸ್ ಇದ್ದರೆ ಅದನ್ನೂ ಎತ್ತಿಡು. ತಾರೀಖು ನನಗೆ ಕಳಿಸು, ಯಾವ ತಿಂಗಳಿಂದ ಅರ್ಜಿ ಹಾಕಬಹುದು ಅಂತ ಕೂತು ನೋಡೋಣ. ಅವ್ವ ರಜೆಗೆ ಊರಿಗೆ ಹೋದರೆ ನನಗೊಂದಿಷ್ಟು ಶೇಂಗಾ ಹಿಂಡಿ ತರೋಕೆ ಹೇಳು.