ಸಂಪಾದಕರ ಉತ್ತರ: ಬರಿಮುಖದ ಧೈರ್ಯ ಯಾರ ಲಾಭಕ್ಕೆ?

ದಾವಣಗೆರೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಐಸ್ ಹಾಕಿ ಗೋಲಿಗಳ (ಗೋಲ್‌ಕೀಪರ್‌ಗಳ) ಬಣ್ಣಬಣ್ಣದ ಮುಖವಾಡಗಳ ಚಿತ್ರ ಹಾಕಿದ್ದೀರಿ. ಹಿಂದಿನ ಗೋಲಿಗಳು ಬರಿಮುಖದಲ್ಲೇ ನಿಲ್ಲುತ್ತಿದ್ದರಂತೆ. ಅದು ಗಂಡೆದೆ! ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲ್ ಮಾಡಿದ ನಮ್ಮ ಕುಂಬ್ಳೆಯ ಸಾಲಿನವರು ಅವರು. ಈಗಿನವರು ಕೋಟಿ ಎಣಿಸಿಕೊಂಡು ಮೈತುಂಬ ಹತ್ತಿ ಸುತ್ತಿಕೊಂಡು ಆಡುತ್ತಾರೆ. ಶಾಲೆಯ ಹಾಕಿ ತಂಡದಲ್ಲಿ ಗೋಲಿಯಾಗಿರುವ ನನ್ನ ಮೊಮ್ಮಗನೂ ಹೆಲ್ಮೆಟ್ ಸರಿಹೊಂದುವುದಿಲ್ಲ ಎಂದು ಗೊಣಗುತ್ತಾನೆ. ನೆಪ ಹೇಳದೆ ಆಡು ಎಂದು ಗದರಿದ್ದೇನೆ. ಸರಿ ತಾನೆ?"

ಸರಿಯಲ್ಲ ಸ್ವಾಮಿ. ಪತ್ರ ಚೆನ್ನಾಗಿದೆ, ಅಕ್ಷರ ಮುತ್ತಿನಂತಿದೆ, ಆದರೆ ಗದರಿದ್ದು ಸರಿಯಲ್ಲ.

ಕುಂಬ್ಳೆಯ ಮಾತು ಮೊದಲು ಮುಗಿಸೋಣ. 2002ರಲ್ಲಿ ಆಂಟಿಗುವಾದಲ್ಲಿ ಆ ದವಡೆ ಹೊತ್ತು 14 ಓವರ್ ಎಸೆದು ಲಾರಾನನ್ನು ಎಲ್‌ಬಿ ಮಾಡಿದ್ದನ್ನು ನೆನೆದರೆ ಯಾವ ಕನ್ನಡಿಗನಿಗೆ ಮೈ ಜುಮ್ಮೆನ್ನುವುದಿಲ್ಲ? ಅದು ಧೈರ್ಯವೇ. ಆದರೆ ಅದು ಒಬ್ಬ ಮನುಷ್ಯ ಒಂದು ದಿನ ತಾನಾಗಿ ಆರಿಸಿಕೊಂಡದ್ದು. ಕೆನಡಾದ ಗೋಲಿಗಳು ಬರಿಮುಖದಲ್ಲಿ ನಿಂತದ್ದು ದಶಕಗಳ ಕಾಲ, ಬೇರೆ ದಾರಿಯಿಲ್ಲದೆ.

ಅವರ ಮುಂದೆ ಏನು ಹಾರಿ ಬರುತ್ತಿತ್ತು ಎಂಬುದನ್ನು ಕಣ್ಣಮುಂದೆ ತಂದುಕೊಳ್ಳಿ. ಪಕ್ ಎಂದರೆ 7.6 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ತೂಕ 156ರಿಂದ 170 ಗ್ರಾಂ, ನಮ್ಮ ಹಾಕಿ ಚೆಂಡಿನಷ್ಟೇ. ಪುಟಿಯದೆ ಮಂಜಿನ ಮೇಲೆ ಜಾರಲಿ ಎಂದು ಪಂದ್ಯಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟಿಸುತ್ತಾರೆ; ಹಾಗೆ ಕೊರೆದ ರಬ್ಬರ್ ಕಲ್ಲಿಗೆ ಸಮ. ಜೆಡೆನೊ ಚಾರಾ ಎಂಬ ಆಟಗಾರ 2012ರಲ್ಲಿ ಅದನ್ನು ಗಂಟೆಗೆ 175 ಕಿ.ಮೀ. ವೇಗದಲ್ಲಿ ಹೊಡೆದು ತೋರಿಸಿದ. ಗೋಲಿನ ಅಡ್ಡಪಟ್ಟಿ ಇರುವುದು 1.22 ಮೀಟರ್ ಎತ್ತರದಲ್ಲಿ. ಎದುರಿಗೆ ಗುಂಪುಗಟ್ಟಿದ ಆಟಗಾರರ ಕಾಲುಗಳ ಸಂದಿನಿಂದ ಪಕ್ ಹುಡುಕಲು ಗೋಲಿ ಬಗ್ಗಿದಾಗ ಅವನ ಮುಖ ಬಂದು ನಿಲ್ಲುವುದು ಸರಿಯಾಗಿ ಆ ಎತ್ತರಕ್ಕೇ. ಹೊಡೆಯುವವನು ಗುರಿಯಿಡುವ ಮೇಲ್ಮೂಲೆಯೂ ಅದೇ. ನಡುವೆ ಯಾರದೋ ಸ್ಟಿಕ್ಕಿಗೆ ತಾಗಿ ದಿಕ್ಕು ಬದಲಾದರಂತೂ ಕಣ್ಣು ಮುಚ್ಚಲೂ ಪುರಸೊತ್ತಿಲ್ಲ.

ಹಾಗಿದ್ದೂ ಏಕೆ ನಿಂತರು? ಲೆಕ್ಕ ಸರಳ. ಆಗ ಎನ್‌ಎಚ್‌ಎಲ್‌ನಲ್ಲಿ (ನ್ಯಾಷನಲ್ ಹಾಕಿ ಲೀಗ್) ಇದ್ದದ್ದು ಆರೇ ತಂಡ, ತಂಡಕ್ಕೊಬ್ಬನೇ ಗೋಲಿ. ಇಡೀ ಉತ್ತರ ಅಮೆರಿಕದ ಅತ್ಯುನ್ನತ ಲೀಗಿನಲ್ಲಿ ಆರು ಕೆಲಸ! ಕೆಳಗಿನ ಲೀಗುಗಳಲ್ಲಿ ಆ ಆರು ಕುರ್ಚಿಗಳ ಮೇಲೆ ಕಣ್ಣಿಟ್ಟವರು ಎಷ್ಟೋ ಮಂದಿ. ನೋವು ಎಂದವನು, ಹೆದರಿಕೆ ಎಂದವನು ಮರುವಾರ ಮನೆಯಲ್ಲಿ. ಟೆರಿ ಸಾಚಕ್ 1962ರಲ್ಲಿ ಮುಖವಾಡ ತೊಡುವ ಹೊತ್ತಿಗೆ ಮುಖದ ಮೇಲೆ 400ಕ್ಕೂ ಹೆಚ್ಚು ಹೊಲಿಗೆ ಬಿದ್ದಿದ್ದವು. ಗ್ಲೆನ್ ಹಾಲ್ 1955ರಿಂದ 1962ರವರೆಗೆ ಸತತ 502 ಪಂದ್ಯಗಳನ್ನು ಮುಖವಾಡವಿಲ್ಲದೆ ಪೂರ್ತಿ ಆಡಿದ. ದಾಖಲೆಯ ಪುಸ್ತಕ ಅದನ್ನು ಹೆಮ್ಮೆಯಿಂದ ಹೇಳುತ್ತದೆ. ಪಂದ್ಯಕ್ಕೆ ಮುಂಚೆ ಆತ ವಾಂತಿ ಮಾಡಿಕೊಂಡೇ ಅಂಗಳಕ್ಕೆ ಇಳಿಯುತ್ತಿದ್ದ ಎಂಬುದನ್ನೂ ಅದರ ಪಕ್ಕದಲ್ಲಿಟ್ಟು ಓದಿ. ತಾವು ಗಂಡೆದೆ ಎಂದು ಕರೆದದ್ದರ ಒಳಗಿದ್ದುದು ಹೊಟ್ಟೆಪಾಡು.

ಈ ಪದ್ಧತಿಯನ್ನು ಮುರಿದವನು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜಾಕ್ ಪ್ಲಾಂಟ್. ಕ್ವಿಬೆಕ್ ಪ್ರಾಂತ್ಯದ ಬಡ ಕುಟುಂಬ, ಹನ್ನೊಂದು ಮಕ್ಕಳಲ್ಲಿ ಹಿರಿಯ. ಉಬ್ಬಸದಿಂದಾಗಿ ಹೆಚ್ಚು ಹೊತ್ತು ಸ್ಕೇಟ್ ಮಾಡಲಾಗದೆ ಗೋಲಿಗೆ ನಿಂತವನು. ತಣ್ಣನೆಯ ರಿಂಕುಗಳಿಗಾಗಿ ಉಲ್ಲನ್ ಟೊಪ್ಪಿಗೆಯನ್ನು ತಾನೇ ಹೆಣೆದುಕೊಳ್ಳುತ್ತಿದ್ದ. ತರಬೇತಿಯಲ್ಲೇ ಎರಡೂ ಕೆನ್ನೆಯ ಮೂಳೆ ಮುರಿದ ಮೇಲೆ ಅಭ್ಯಾಸದ ವೇಳೆ ಮುಖವಾಡ ಹಾಕತೊಡಗಿದ. ಪಂದ್ಯದಲ್ಲಿ ಮಾತ್ರ ಕೋಚ್ ಟೋ ಬ್ಲೇಕ್ ಒಪ್ಪಲಿಲ್ಲ: ನೋಟಕ್ಕೆ ಅಡ್ಡ, ನೋಡುವವರಿಗೆ ಪುಕ್ಕಲನಂತೆ ಕಾಣುತ್ತದೆ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಎದುರಾಳಿ ತಂಡದ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್‌ನ ಮೂಗಿನ ಬಳಿ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವನು ಒಂದೇ ಮಾತು ಹೇಳಿದ: ಮುಖವಾಡ ಇದ್ದರೆ ಇಳಿಯುತ್ತೇನೆ, ಇಲ್ಲದಿದ್ದರೆ ಇಲ್ಲ. ಬದಲಿ ಗೋಲಿ ಇರಲಿಲ್ಲ, ಬ್ಲೇಕ್ ಮಣಿಯಲೇಬೇಕಾಯಿತು. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಮುಖವಾಡದ ಪ್ಲಾಂಟ್‌ನೊಂದಿಗೆ ತಂಡದ ಸೋಲಿಲ್ಲದ ಓಟ 18 ಪಂದ್ಯಕ್ಕೆ ಮುಟ್ಟಿತು. 1960ರ ಮಾರ್ಚ್‌ನಲ್ಲಿ ಕೋಚ್ ಮಾತಿಗೆ ಒಮ್ಮೆ ತೆಗೆದು ಆಡಿದ, ಡೆಟ್ರಾಯಿಟ್ ಎದುರು 0-3 ಸೋಲು. ಮತ್ತೆ ಹಾಕಿದ. ಆ ವರ್ಷ ತಂಡಕ್ಕೆ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್, ಸತತ ಐದನೇ ಬಾರಿ.

ಆದರೆ ಪ್ಲಾಂಟ್‌ನ ಛಲದಷ್ಟೇ ಮುಖ್ಯವಾದದ್ದು ಆ ಮುಖವಾಡ ಮುಖಕ್ಕೆ ಸರಿಯಾಗಿ ಕೂತದ್ದು. ಅದಕ್ಕೂ ಮೊದಲು, 1930ರಲ್ಲಿ, ಕ್ಲಿಂಟ್ ಬೆನೆಡಿಕ್ಟ್ ಎಂಬ ಗೋಲಿ ಮೂಗು ಮುರಿದುಕೊಂಡು ಚರ್ಮದ ಮುಖವಾಡ ತೊಟ್ಟಿದ್ದ. ಅದರ ಮೂಗಿನ ಭಾಗ ಉಬ್ಬಿದ್ದರಿಂದ ಕಾಲ ಬಳಿ ಬರುವ ಪಕ್ ಕಾಣುತ್ತಿರಲಿಲ್ಲ. ಕೆಲವೇ ಪಂದ್ಯಗಳ ಬಳಿಕ ಅದನ್ನು ಬಿಟ್ಟುಬಿಟ್ಟ. ಕೆಟ್ಟದಾಗಿ ಮಾಡಿದ ಒಂದು ವಸ್ತುವಿನಿಂದಾಗಿ, ಗೋಲಿಗೆ ಮುಖವಾಡ ಒಗ್ಗುವುದಿಲ್ಲ ಎಂಬ ತೀರ್ಪು ಸುಮಾರು 30 ವರ್ಷ ಉಳಿಯಿತು!

ಪ್ಲಾಂಟ್‌ನ ಅದೃಷ್ಟ, ಫೈಬರ್‌ಗ್ಲಾಸ್ ಕಂಪನಿಯ ಬಿಲ್ ಬರ್ಚ್‌ಮೋರ್ ಅವನ ಹಣೆಗೆ ಪಕ್ ಬಡಿದದ್ದನ್ನು ನೋಡಿ ತಾನಾಗಿ ಪತ್ರ ಬರೆದ. ಮಾಡಿದ ಕ್ರಮ ಹೀಗೆ. ಕೂದಲಿಗೆ ಹೆಂಗಸರ ಕಾಲುಚೀಲ ಎಳೆದು, ಮುಖಕ್ಕೆ ವ್ಯಾಸಲೀನ್ ಬಳಿದು, ಉಸಿರಿಗೆ ನಳಿಗೆ ಇಟ್ಟು ಪ್ಲಾಸ್ಟರ್ ಹುಯ್ದರು. ಆ ಅಚ್ಚಿನಿಂದ ಮುಖದ ಪ್ರತಿರೂಪ ತೆಗೆದು, ಅದರ ಮೇಲೆ ರೆಸಿನ್‌ನಲ್ಲಿ ತೋಯಿಸಿದ ಗಾಜಿನಾರಿನ ಬಟ್ಟೆಯನ್ನು ಪದರ ಪದರವಾಗಿ ಕೂರಿಸಿದರು. ಇಂಥ ಕೆಲಸದಲ್ಲಿ ರೆಸಿನ್ (ಗಟ್ಟಿಯಾಗುವ ಅಂಟು) ಹೆಚ್ಚಾದರೆ ಪೆಡಸಾಗಿ ಸೀಳುತ್ತದೆ, ಕಡಿಮೆಯಾದರೆ ಪದರ ಬಿಡುತ್ತದೆ, ನಡುವೆ ಗಾಳಿಗುಳ್ಳೆ ಉಳಿದರೆ ಪೆಟ್ಟು ಒಳಹೊಗುವುದು ಅಲ್ಲಿಯೇ.

ಆ ಮುಖವಾಡಕ್ಕೂ ದೋಷವಿತ್ತು. ಚರ್ಮಕ್ಕೆ ಅಂಟಿ ಕೂರುತ್ತಿದ್ದುದರಿಂದ ಪೆಟ್ಟು ನೇರ ಮೂಳೆಗೆ ಇಳಿಯುತ್ತಿತ್ತು, ನಡುವೆ ಸಿಕ್ಕ ಚರ್ಮ ಕತ್ತರಿಸುತ್ತಿತ್ತು. ಬೆವರು ಬೇರೆ. ಸುಧಾರಿಸುತ್ತಾ ಹೋದರು: ಹಣೆಯನ್ನು ಉಬ್ಬಿಸಿ ಪಕ್ ಜಾರುವಂತೆ ಮಾಡಿದರು, ಮುಖಕ್ಕೂ ಚಿಪ್ಪಿಗೂ ನಡುವೆ ತೆರಪು ಬಿಟ್ಟರು, ಕಣ್ಣಿನ ಮುಂದೆ ತಂತಿಯ ಜಾಲರಿ ಬಂತು. 1970ರ ಫೈನಲ್‌ನಲ್ಲಿ ಸೇಂಟ್ ಲೂಯಿ ತಂಡದಲ್ಲಿದ್ದ ಪ್ಲಾಂಟ್‌ನ ಹಣೆಗೆ ಬಡಿದ ಪಕ್ ಮುಖವಾಡವನ್ನೇ ಒಡೆಯಿತು, ಆತ ಪ್ರಜ್ಞೆ ತಪ್ಪಿದ. ಮುಖವಾಡ ಇಲ್ಲದಿದ್ದರೆ ಸಾಯುತ್ತಿದ್ದೆ ಎಂದು ಆಮೇಲೆ ಹೇಳಿದ. ಮರು ಋತುವಿನಲ್ಲಿ ಟೊರಾಂಟೊಗೆ ಆಡಿ, 42ರ ವಯಸ್ಸಿನಲ್ಲಿ ಪಂದ್ಯಕ್ಕೆ ಸರಾಸರಿ 1.88 ಗೋಲು ಮಾತ್ರ ಬಿಟ್ಟುಕೊಟ್ಟು ಲೀಗಿಗೇ ಮೊದಲಿಗನಾದ. ಬರಿಮುಖದಲ್ಲೇ ನಿಂತಿದ್ದರೆ ಆ ವಯಸ್ಸಿಗೆ ಆಟ ಉಳಿದಿರುತ್ತಿತ್ತೇ?

ಈಗಿನವರು ಹತ್ತಿ ಸುತ್ತಿಕೊಂಡವರು ಎಂದಿರಿ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಂ ಜಾನ್ಸನ್ ಎಂಬ ಆಟಗಾರನ ಕುತ್ತಿಗೆಗೆ ಸ್ಕೇಟಿನ ಅಲಗು ತಾಗಿ ಆತ ಸತ್ತ. ಕುತ್ತಿಗೆಪಟ್ಟಿ ಕಡ್ಡಾಯ ಎಂಬ ನಿಯಮ ಅಲ್ಲಿ ಬಂದದ್ದು ಅದರ ನಂತರ. ಹೆಣ ಬಿದ್ದ ಮೇಲೆ ನಿಯಮ, ಎಲ್ಲ ಕಡೆಯೂ ಇದೇ ಕತೆ.

ನಮ್ಮಲ್ಲಿ ಹೆಣ ಬಿದ್ದ ಮೇಲೂ ಬರುವುದಿಲ್ಲ ಎಂಬುದು ನನ್ನ ಸಂಕಟ. ಮಲೆನಾಡಿನ ಅಡಿಕೆ ಮರದಿಂದ ಮರಕ್ಕೆ ಜೀಕುವ ಕೊನೆಗೌಡನನ್ನು ಸಾಹಸಿ ಎಂದು ಹೊಗಳುತ್ತೇವೆ, ಸೊಂಟಕ್ಕೊಂದು ಸುರಕ್ಷಾ ಪಟ್ಟಿ ಕೊಡಿಸುವುದಿಲ್ಲ. ಕಲ್ಲು ಒಡೆಯುವವನ ಕಣ್ಣಿಗೆ ಕನ್ನಡಕವಿಲ್ಲ. ಪೌರಕಾರ್ಮಿಕರಿಗೆ ಕೈಗವಸು ಕೊಟ್ಟರೂ ಹಾಕುವುದಿಲ್ಲ ಎಂದು ದೂರುವವರು ಒಮ್ಮೆ ಅದನ್ನು ತಮ್ಮ ಕೈಗೆ ಹಾಕಿ ನೋಡಬೇಕು. ಎಲ್ಲ ಕೈಗೂ ಒಂದೇ ಅಳತೆ, ದಪ್ಪ ರಬ್ಬರ್, ಬೆರಳು ಮಡಿಸಿದರೆ ಪೊರಕೆ ಹಿಡಿತಕ್ಕೆ ಸಿಗುವುದಿಲ್ಲ, ಒಳಗೆಲ್ಲ ಬೆವರು. ಬೆನೆಡಿಕ್ಟ್‌ನ ಚರ್ಮದ ಮುಖವಾಡವೇ ಅದು. ಮೊದಲು ಹೊಂದದ್ದನ್ನು ಕೊಡುವುದು, ಆಮೇಲೆ ಅವರಿಗೇ ಬೇಡ ಎನ್ನುವುದು. ಖರ್ಚು ಉಳಿದದ್ದು ಯಾರಿಗೆ, ಹೇಳಿ!

ಈಗ ಮೊಮ್ಮಗ. ಹುಡುಗ ನೆಪ ಹೇಳುತ್ತಿಲ್ಲ, ಅವನು ದೂರುತ್ತಿರುವುದು ಅಳತೆಯನ್ನು. ಶಾಲೆಯ ಸಾಮಾನಿನ ಪೆಟ್ಟಿಗೆಯಲ್ಲಿರುವ ಹೆಲ್ಮೆಟ್ ಸಾಮಾನ್ಯವಾಗಿ ದೊಡ್ಡವರದ್ದು. ಮೊದಲು ಗಲ್ಲವನ್ನು ಗಲ್ಲದ ಬಟ್ಟಲಿನಲ್ಲಿ ಕೂರಿಸಿ, ಆಮೇಲೆ ಹಿಂದಿನ ಪಟ್ಟಿಗಳನ್ನು ಎರಡೂ ಬದಿ ಸಮನಾಗಿ ಎಳೆಯಿರಿ. ಮೇಲಿನ ಪಟ್ಟಿಯನ್ನು ಮೊದಲು ಬಿಗಿದರೆ ಗಲ್ಲ ಬಟ್ಟಲಿನಿಂದ ಜಾರುತ್ತದೆ. ತಲೆ ಜೋರಾಗಿ ಆಡಿಸಲು ಹೇಳಿ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ತಡವಾಗಿ ಅಲ್ಲ. ಜಾಲರಿಯನ್ನು ಅಂಗೈಯಿಂದ ಒತ್ತಿ ನೋಡಿ, ಅದು ಮೂಗಿಗೆ ತಾಗಕೂಡದು. ಒಂದು ಚೆಂಡನ್ನು ಅವನ ಪಾದದ ಬಳಿಯಿಟ್ಟು, ಕತ್ತು ಪೂರ್ತಿ ಬಗ್ಗಿಸದೆ ಕಾಣುತ್ತದೆಯೇ ಕೇಳಿ. ಕಾಣದಿದ್ದರೆ ಅಳತೆ ದೊಡ್ಡದು, ಇಲ್ಲವೇ ಹಣೆಯ ಸ್ಪಂಜು ಸವೆದು ಇಡೀ ಹೆಲ್ಮೆಟ್ ಕೆಳಗಿಳಿದಿದೆ. ಸ್ಪಂಜು ಒತ್ತಿದಾಗ ಮರಳಿ ಉಬ್ಬದಿದ್ದರೆ ಬದಲಿಸಿ. ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಟೇಪು ಸುತ್ತಬೇಡಿ, ಹೊಸದನ್ನೇ ಕೊಡಿಸಿ. ಜಾಲರಿಯ ಒಂದು ತಂತಿ ಬಾಗಿದ್ದರೂ ಅದನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಬೇಡಿ, ಮುಂದಿನ ಪೆಟ್ಟಿಗೆ ಅಲ್ಲೇ ಮುರಿಯುತ್ತದೆ. ಅಂಗಡಿಗೆ ಹೋಗುವಾಗ ಹುಡುಗನನ್ನೂ ಕರೆದುಕೊಂಡೇ ಹೋಗಿ.